ಬಟ್ಟೆಯ ಬೆಳ್ಳಿ: ಅಂಟಿಕೊಂಡಿರಬೇಕೋ, ಬಿಟ್ಟು ಹೊರಡಬೇಕೋ?

ಸ್ವಿಸ್ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ತೀರಿಕೊಂಡ ಎರಡು ವರ್ಷಕ್ಕೆ, 1893ರಲ್ಲಿ, ಅವರದೊಂದು ಬರಹ ಅಚ್ಚಾಯಿತು. ನೀರಿನಲ್ಲಿ ತಾಮ್ರವೋ ಬೆಳ್ಳಿಯೋ ತೀರಾ ಅತ್ಯಲ್ಪ ಕರಗಿದ್ದರೂ ಸ್ಪೈರೋಗೈರಾ ಪಾಚಿ ಸಾಯುತ್ತದೆ ಎಂಬುದು ಅದರ ತಿರುಳು. ಅಂದರೆ ಕೊಲ್ಲುವುದು ಲೋಹದ ತುಂಡಲ್ಲ, ಅದರಿಂದ ಬಿಡಿಸಿಕೊಂಡು ನೀರಿಗಿಳಿದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು. ಸೂಕ್ಷ್ಮಾಣುನಿರೋಧಕ ಬಟ್ಟೆಯ ಸುತ್ತ ಇವತ್ತಿಗೂ ಎದ್ದಿರುವ ತಕರಾರುಗಳ ಬೇರು ಇಲ್ಲೇ ಇದೆ. ಬ್ಯಾಕ್ಟೀರಿಯಾ ಕೊಲ್ಲಲೆಂದು ಬಟ್ಟೆಗೆ ಹಚ್ಚಿದ ಬೆಳ್ಳಿ ಅಲ್ಲಿಂದ ಹೊರಡದಿದ್ದರೆ ಕೆಲಸವಿಲ್ಲ. ಹೊರಟರೆ ಒಗೆದ ನೀರಿನ ಜೊತೆ ಚರಂಡಿ ಸೇರುತ್ತದೆ.

ಬೆಳ್ಳಿಯ ಅತಿಸಣ್ಣ ಕಣಗಳು ಹೊಸವೇನಲ್ಲ. 1889ರಲ್ಲೇ ಅಮೆರಿಕದ ಕ್ಯಾರಿ ಲೀ ಸಿಟ್ರೇಟ್ ಬಳಸಿ ಬೆಳ್ಳಿಯ ಕಲಿಲ (ಅತಿಸಣ್ಣ ಕಣಗಳು ತೇಲುವ ದ್ರವ) ತಯಾರಿಸಿದ್ದರು. ನ್ಯಾನೊ ಎಂಬ ಹೆಸರು ಮಾತ್ರ ಆಗ ಇರಲಿಲ್ಲ. ಕಣ ಚಿಕ್ಕದಾದಷ್ಟೂ ಲಾಭ ಮೇಲ್ಮೈಯದು. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಬೆಳ್ಳಿಪುಡಿಗೆ ಗ್ರಾಂಗೆ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚು ಮೇಲ್ಮೈ. 10 ನ್ಯಾನೊಮೀಟರಿಗೆ, ಅಂದರೆ ಅದರ ನೂರರಲ್ಲೊಂದಕ್ಕೆ ಇಳಿಸಿದರೆ ಸುಮಾರು 57 ಚದರ ಮೀಟರ್. ಅಯಾನು ಹೊರಡುವುದು ಮೇಲ್ಮೈಯಿಂದಲೇ ಆದ್ದರಿಂದ ಚಿಟಿಕೆ ಬೆಳ್ಳಿಯಲ್ಲಿ ಥಾನುಗಟ್ಟಲೆ ಬಟ್ಟೆ ಆಗುತ್ತದೆ.

ಹತ್ತಿ ಬಟ್ಟೆಗೆ ಲೇಪನ ಕೊಡುವ ರೂಢಿಯ ದಾರಿ ಪ್ಯಾಡ್-ಡ್ರೈ-ಕ್ಯೂರ್. ಗಂಜಿ, ಮೇಣ ತೆಗೆದು ಬ್ಲೀಚ್ ಮಾಡಿದ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ, ರೋಲರುಗಳ ನಡುವೆ ಹಿಂಡಿ, ಸುಮಾರು 100 ಡಿಗ್ರಿಯಲ್ಲಿ ಒಣಗಿಸಿ, ಬೈಂಡರ್ (ಕಣಗಳನ್ನು ನೂಲಿಗೆ ಅಂಟಿಸುವ ವಸ್ತು) ಕೂರಲೆಂದು 140-150 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಕಾಯಿಸುತ್ತಾರೆ. ಹಿಂಡಿದ ಮೇಲೆ ಬಟ್ಟೆಯ ತೂಕದ 80% ದ್ರಾವಣ ಅದರಲ್ಲೇ ಉಳಿಯಿತು ಎನ್ನಿ. ಕಿಲೋ ಬಟ್ಟೆಗೆ 50 ಮಿಲಿಗ್ರಾಂ ಬೆಳ್ಳಿ ಸೇರಬೇಕಾದರೆ ಲೀಟರ್ ದ್ರಾವಣದಲ್ಲಿ 62.5 ಮಿಲಿಗ್ರಾಂ ಇರಬೇಕು. ಸಿಲ್ವರ್ ನೈಟ್ರೇಟ್ ಲೆಕ್ಕದಲ್ಲಿ ಸುಮಾರು 98 ಮಿಲಿಗ್ರಾಂ. ಇದನ್ನು ಕೊಳಾಯಿ ನೀರಿನಲ್ಲಿ ಕರಗಿಸಿದರೆ ಕೆಟ್ಟಿತು. ಲೀಟರಿಗೆ ಇಪ್ಪತ್ತು ಮಿಲಿಗ್ರಾಂ ಚಿಲ್ಲರೆ ಕ್ಲೋರೈಡ್ ಇದ್ದರೆ ಸಾಕು, ಹೆಚ್ಚುಕಡಿಮೆ ಅಷ್ಟೂ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿ ದ್ರಾವಣ ಹಾಲುಹಾಲಾಗುತ್ತದೆ. ಲವಣಾಂಶ ತೆಗೆದ ಡಿಅಯಾನೈಸ್ಡ್ ನೀರಿಗೆ ಖರ್ಚು ಮಾಡಲೇಬೇಕು.

ಮುಂದಿನ ಎಡವಟ್ಟು ಒಣಗಿಸುವಾಗ. ಆತುರಕ್ಕೆ ಬಿಸಿ ಏರಿಸಿದರೆ ಆವಿಯಾಗಲು ಮೇಲೇರುವ ನೀರು ಕಣಗಳನ್ನೂ ಎಳೆದುಕೊಂಡು ಬರುತ್ತದೆ. ನೂಲಿನ ಹೊರಮೈಯಲ್ಲಿ ಗುಡ್ಡೆ, ಒಳಗೆ ಖಾಲಿ. ಅಂಥ ಬಟ್ಟೆ ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗಿ ನಾಲ್ಕು ಒಗೆತಕ್ಕೆ ಸೋಲುತ್ತದೆ. ಹಾಗೆಂದು ಬೈಂಡರ್ ಜಾಸ್ತಿ ಸುರಿದರೆ ಕಣ ಅದರೊಳಗೇ ಹೂತುಹೋಗುತ್ತದೆ, ಬಟ್ಟೆಯೂ ಬಿರುಸಾಗುತ್ತದೆ. ಬಿಳಿ ಬಟ್ಟೆಗೆ ಹಳದಿ ಛಾಯೆ ಬಂದರೆ ಅದು ಕೊಳೆಯಲ್ಲ. ಬೆಳ್ಳಿಯ ನ್ಯಾನೊಕಣ 400 ನ್ಯಾನೊಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ಹೀರುವುದರ ಫಲ. ಬಿಳುಪೇ ಮುಖ್ಯವಾದರೆ ಸತುವಿನ ಆಕ್ಸೈಡ್ ವಾಸಿ. ಆದರೆ ಅದು ಮಿಲಿಗ್ರಾಂ ಲೆಕ್ಕದಲ್ಲಿ ಸಾಲದು, ಬಟ್ಟೆಯ ತೂಕದ ಶೇಕಡಾವಾರು ಲೆಕ್ಕದಲ್ಲಿ ಬೇಕಾಗುತ್ತದೆ.

ಬಟ್ಟೆಯ ಚೀಟಿಯ ಮೇಲಿನ 99% ಬ್ಯಾಕ್ಟೀರಿಯಾ ನಾಶ ಎಂಬ ಅಂಕಿಗೂ ಒಂದು ಮಾತು. ಅಮೆರಿಕದ ಜವಳಿ ರಸಾಯನಜ್ಞರ ಸಂಘದ ಎಎಟಿಸಿಸಿ 100 ಪರೀಕ್ಷೆಯಲ್ಲಿ ಬಟ್ಟೆಯ ಬಿಲ್ಲೆಗಳಿಗೆ ಎಣಿಸಿದ ಬ್ಯಾಕ್ಟೀರಿಯಾ ಹಾಕಿ, ಸಾಮಾನ್ಯವಾಗಿ 24 ಗಂಟೆ ಬಿಟ್ಟು, ಉಳಿದವನ್ನು ಎಣಿಸುತ್ತಾರೆ. ಒಂದು ಲಕ್ಷದಲ್ಲಿ 99% ಸತ್ತರೂ ಸಾವಿರ ಉಳಿದವು, ಅವು ಮತ್ತೆ ಬೆಳೆಯುತ್ತವೆ. ತೊಳೆದೆತ್ತುವ ದ್ರಾವಣದಲ್ಲಿ ಬೆಳ್ಳಿಯನ್ನು ನಿಷ್ಕ್ರಿಯಗೊಳಿಸದಿದ್ದರೆ ಅದು ಎಣಿಕೆಯ ತಟ್ಟೆಯಲ್ಲೂ ಕೊಲ್ಲುತ್ತಾ ಹೋಗಿ ಸುಳ್ಳು ಅಂಕಿ ಕೊಡುತ್ತದೆ.

ಮಾರುಕಟ್ಟೆಯ ಮಾಲನ್ನೇ ಒಗೆದು ನೋಡಿದ್ದು 2008ರಲ್ಲಿ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಬೆನ್ ಮತ್ತು ವೆಸ್ಟರ್‌ಹಾಫ್ ಆರು ಬಗೆಯ ಕಾಲುಚೀಲಗಳನ್ನು ಪರೀಕ್ಷಿಸಿದರು. ಒಂದರಲ್ಲಿ ಗ್ರಾಂಗೆ 1360 ಮೈಕ್ರೋಗ್ರಾಂವರೆಗೂ ಬೆಳ್ಳಿ ಇತ್ತು. ಕೆಲವು ನಾಲ್ಕೇ ಒಗೆತಕ್ಕೆ ಬಹುತೇಕ ಎಲ್ಲವನ್ನೂ ಕಳೆದುಕೊಂಡವು, ಕೆಲವು ತೀರಾ ಸ್ವಲ್ಪವೇ ಬಿಟ್ಟುಕೊಟ್ಟವು. ಮರುವರ್ಷ ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯವರು, ನೀರಿಗೆ ಬರುವುದರಲ್ಲಿ ಹೆಚ್ಚಿನದು 450 ನ್ಯಾನೊಮೀಟರಿಗಿಂತ ದೊಡ್ಡ ಚೂರುಗಳು ಎಂದು ತೋರಿಸಿದರು. ಅಂದರೆ ಹೆಚ್ಚಿನಂಶ ಬೆಳ್ಳಿ ಕರಗಿ ಹೋಗುತ್ತಿರಲಿಲ್ಲ, ಉದುರಿ ಹೋಗುತ್ತಿತ್ತು. ಇದು ಲೇಪನದ ಕಸುಬಿನ ಸೋಲು.

ಕಾನೂನು ಆಮೇಲೆ ಬಂತು. 2011ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಜಿಎಸ್-20 ಎಂಬ ಬೆಳ್ಳಿ-ಸಿಲಿಕಾ ಲೇಪನಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಸುರಕ್ಷತೆಯ ಅಂತರ (ಹಾನಿಯ ಮಟ್ಟಕ್ಕೂ ಜನರಿಗೆ ತಗಲುವ ಪ್ರಮಾಣಕ್ಕೂ ಇರುವ ಅನುಪಾತ) 1000 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವೆಂದು ಪರಿಗಣಿಸಬೇಕೆಂಬುದು ಸಂಸ್ಥೆಯದೇ ನಿಯಮ. ಬಟ್ಟೆಯ ಮೇಲ್ಮೈ ಲೇಪನಕ್ಕೆ ಲೆಕ್ಕದಲ್ಲಿ ಬಂದದ್ದು ಸರಿಯಾಗಿ 1000. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಭಾಗವನ್ನು ರದ್ದುಮಾಡಿತು. ಯುರೋಪಿನ 528/2012 ಎಂಬ ಜೀವಿನಾಶಕಗಳ ನಿಯಮದ ದಾರಿ ಬೇರೆ: ಲೇಬಲ್ ಕಡ್ಡಾಯವಾದ ಮಾಲಿನಲ್ಲಿ ನ್ಯಾನೊ ವಸ್ತುವಿದ್ದರೆ ಅದರ ಹೆಸರಾದ ಮೇಲೆ ಆವರಣದಲ್ಲಿ ನ್ಯಾನೊ ಎಂದೇ ನಮೂದಿಸಬೇಕು.

ಈ ನಡುವೆ 2012ರಲ್ಲಿ ರೈಸ್ ವಿಶ್ವವಿದ್ಯಾಲಯದ ತಂಡ ಆಮ್ಲಜನಕವಿಲ್ಲದ ಜಾಗದಲ್ಲಿ ಬೆಳ್ಳಿಕಣಗಳನ್ನು ಬ್ಯಾಕ್ಟೀರಿಯಾದ ಮೇಲೆ ಬಿಟ್ಟಿತು. ಉತ್ಕರ್ಷಣೆ ಇಲ್ಲ, ಹಾಗಾಗಿ ಅಯಾನೂ ಇಲ್ಲ, ಬ್ಯಾಕ್ಟೀರಿಯಾ ಸಾಯಲಿಲ್ಲ. ನೇಗೆಲಿ ಹೇಳಿದ್ದೇ ನಿಜವಾಯಿತು. ಚರಂಡಿ ಸೇರಿದ ಬೆಳ್ಳಿಯ ಬಹುಪಾಲು ಶುದ್ಧೀಕರಣ ಘಟಕದಲ್ಲಿ ಸಲ್ಫೈಡ್ ಆಗಿ ಕೆಸರಿನಲ್ಲಿ ಕೂರುವುದರಿಂದ ಭಯ ತುಸು ತಗ್ಗಿದೆ.

ಪಾಲಿಯೆಸ್ಟರಿನಲ್ಲಿ ಈಗ ಕರಗಿದ ಪಾಲಿಮರಿಗೇ ಬೆಳ್ಳಿ ಬೆರೆಸಿ ಎಳೆ ತೆಗೆಯುತ್ತಾರೆ. ಉದುರುವುದು ತಪ್ಪುತ್ತದೆ, ಆದರೆ ಎಳೆಯ ಒಡಲಿನಲ್ಲಿ ಸಿಕ್ಕಿಕೊಂಡದ್ದು ದಂಡ. ದುಡಿಯುವುದು ಹೊರಮೈ ಹತ್ತಿರದ್ದಷ್ಟೇ. ಹತ್ತಿಯನ್ನು ಕರಗಿಸಿ ಎಳೆ ತೆಗೆಯುವಂತಿಲ್ಲವಾದ್ದರಿಂದ ಅದಕ್ಕೆ ಬೈಂಡರೇ ಗತಿ.