ಆ ನೂರು ಪರ್ಸೆಂಟ್ ಯಾರದ್ದು?

ಏಪ್ರಿಲ್ ಮುಗಿಯಿತೆಂದರೆ ನಮ್ಮ ಮನೆ ಜಗಲಿಯಲ್ಲಿ ದಿನಕ್ಕೊಬ್ಬರಾದರೂ ಬಂದು ಕೂರುತ್ತಾರೆ. ಕೈಯಲ್ಲಿ ಬಣ್ಣದ ಪಾಂಪ್ಲೆಟ್. ‘ಸಾರ್, ಈ ಸ್ಕೂಲಲ್ಲಿ ಎಸ್ಸೆಸ್ಸೆಲ್ಸಿ ನೂರಕ್ಕೆ ನೂರು. ನಮ್ಮೂರ ಸರ್ಕಾರಿ ಶಾಲೇಲಿ ಅರವತ್ತೂ ದಾಟಿಲ್ಲ. ಮಗೂನ ಒಂದನೇ ಕ್ಲಾಸಿಗೆ ಇಲ್ಲೇ ಹಾಕ್ಲಾ?’

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 28 ವರ್ಷ ಪಾಠ ಮಾಡಿದವನು ನಾನು. ಅದರಲ್ಲಿ 5 ವರ್ಷ ಸಿಆರ್‌ಪಿಯಾಗಿ, ಅಂದರೆ ಅಕ್ಕಪಕ್ಕದ ಊರುಗಳ ಶಾಲೆಗಳ ಗುಂಪಿಗೆ ಸಂಪನ್ಮೂಲ ವ್ಯಕ್ತಿಯಾಗಿ ಸುತ್ತಿ, ಸರ್ಕಾರಿ, ಖಾಸಗಿ ಎರಡೂ ಥರದ ಶಾಲೆಗಳ ಒಳಹೊರಗು ನೋಡಿದ್ದೇನೆ. ಮಗುವನ್ನು ಎಲ್ಲಿಗೆ ಹಾಕುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು. ನನ್ನ ತಕರಾರು ಆ ‘ನೂರಕ್ಕೆ ನೂರು’ ಜೊತೆ ಮಾತ್ರ.

ತರಿ ಜಮೀನಿನ ಇಳುವರಿಯನ್ನು ಖುಷ್ಕಿ ಹೊಲದ ಪಕ್ಕ ಇಟ್ಟು, ಖುಷ್ಕಿಯವನು ಸೋಮಾರಿ ಅನ್ನುತ್ತೀರಾ? ಇಲ್ಲ ಅಲ್ವಾ? ನೀರೆಲ್ಲಿಂದ ಬಂತು ಅಂತ ಮೊದಲು ಕೇಳುತ್ತೀರಿ. ಶಾಲೆ ವಿಷಯಕ್ಕೆ ಬಂದಾಗ ಮಾತ್ರ ಯಾರೂ ಕೇಳುವುದಿಲ್ಲ.

ನೀರು ಬರುವುದು ಮನೆಯಿಂದ. ಅಪ್ಪ ಅಮ್ಮ ಓದಿದ್ದರೆ, ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರೆ, ಟ್ಯೂಷನ್ನಿಗೆ ಕಳಿಸಿದರೆ, ಆ ಮಗು ಎಲ್ಲಿದ್ದರೂ ಸ್ವಲ್ಪ ಮುಂದೆಯೇ ಇರುತ್ತದೆ. ಫೀಸು ಕಟ್ಟುವ ಶಕ್ತಿ ಇರುವ ಮನೆಗಳಲ್ಲಿ ಇದೆಲ್ಲ ಜಾಸ್ತಿ. ಅಂದರೆ ಶಾಲೆ ಬಾಗಿಲು ತೆರೆಯುವ ಮೊದಲೇ ಅರ್ಧ ಕೆಲಸ ಆಗಿರುತ್ತದೆ.

ಅದೂ ಸಾಲದೆ ಕೆಲವು ಕಡೆ ಜರಡಿ ಹಿಡಿಯುತ್ತಾರೆ. ಒಂದನೇ ಕ್ಲಾಸಿನ ಮಗುವಿಗೆ ‘ಇಂಟರ್‌ವ್ಯೂ’. ಜೊತೆಗೆ ತಾಯಿಗೂ. ‘ನೀವು ಎಲ್ಲಿವರೆಗೆ ಓದಿದೀರಿ?’ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮೊದಲ ಸಲ ಮಾಡಿದರೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ. ಆದರೂ ಹೊಸ ಅಂಗಿ ಹಾಕಿಸಿ, ಬಣ್ಣಗಳ ಹೆಸರು ಬಾಯಿಪಾಠ ಮಾಡಿಸಿ ಮಗುವನ್ನು ಕರೆದುಕೊಂಡು ಹೋಗುತ್ತೀರಿ. ಯಾರೂ ದೂರು ಕೊಡುವುದಿಲ್ಲ. ಸೀಟು ಸಿಕ್ಕಿದವರಿಗೆ ದೂರು ಯಾಕೆ, ಸಿಗದವರಿಗೆ ಧೈರ್ಯ ಎಲ್ಲಿ?

ಎರಡನೇ ಜರಡಿ ಒಂಬತ್ತನೇ ಕ್ಲಾಸಿನ ಕೊನೆಗೆ. ಎಲ್ಲ ಖಾಸಗಿ ಶಾಲೆಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಆದರೆ ‘ಇವನಿಗೆ ಕಷ್ಟ ಆಗ್ತಿದೆ, ಬೇರೆ ಕಡೆ ನೋಡಿ’ ಅಂತ ನಯವಾಗಿ ಟಿಸಿ ಕೈಗಿಟ್ಟ ಪ್ರಕರಣಗಳು ನನಗೇ ಗೊತ್ತು. ಆ ಹುಡುಗ ಎಲ್ಲಿಗೆ ಹೋಗುತ್ತಾನೆ? ಸರ್ಕಾರಿ ಶಾಲೆಗೆ. ಅಲ್ಲಿ ಬಂದವರಿಗೆ ಬಾಗಿಲು ಹಾಕುವ ಹಾಗಿಲ್ಲ. ಎಂಟನೇ ತರಗತಿವರೆಗಂತೂ ಟಿಸಿ ತಡವಾಯಿತು ಅನ್ನುವ ನೆಪಕ್ಕೂ ಕಾನೂನಿನಲ್ಲಿ ಜಾಗವಿಲ್ಲ. ಮರುವರ್ಷ ಅವನು ಫೇಲಾದರೆ ಅದು ಸರ್ಕಾರಿ ಶಾಲೆಯ ಲೆಕ್ಕಕ್ಕೆ. ಅವನನ್ನು ಕಳಿಸಿದ ಶಾಲೆಯ ಗೇಟಿನ ಮೇಲೆ ನೂರರ ಫ್ಲೆಕ್ಸು!

‘ಇದೆಲ್ಲ ಮೇಷ್ಟ್ರ ಹೊಟ್ಟೆಕಿಚ್ಚು’ ಅನ್ನುವವರಿಗೆ ಒಂದು ವಿಷಯ ಹೇಳುತ್ತೇನೆ. 2008ರಲ್ಲಿ, ಆಗಿನ್ನೂ ಒಂದೇ ಆಗಿದ್ದ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಕಟ್ಟುತ್ತೇವೆ ಅಂದರು. ಅರ್ಜಿ ಹಾಕಿದವರಲ್ಲಿ ಯಾರಿಗೆ ಕೊಡಬೇಕು ಅನ್ನುವುದನ್ನು ಲಾಟರಿ ಎತ್ತಿ ತೀರ್ಮಾನಿಸಿದರು. ಲಾಟರಿ ಯಾಕೆ ಗೊತ್ತಾ? ಗೆದ್ದವರ ಮನೆಯೂ ಸೋತವರ ಮನೆಯೂ ಒಂದೇ ಥರ ಇರಲಿ ಅಂತ. ಆಗ ಉಳಿಯುವ ವ್ಯತ್ಯಾಸ ಶಾಲೆಯದ್ದು ಮಾತ್ರ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಾಲ್ಕು ವರ್ಷ ಆದ ಮೇಲೆ ನೋಡಿದರೆ, ತೆಲುಗಿನಲ್ಲೂ ಗಣಿತದಲ್ಲೂ ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಸಮಸಮ. ಲಾಟರಿ ಇಲ್ಲದೆ ಸುಮ್ನೆ ಹೋಲಿಸಿದಾಗ ಖಾಸಗಿಯವರು ಎಷ್ಟೋ ಮುಂದಿದ್ದರು.

ಪೂರ್ತಿ ಹೇಳದಿದ್ದರೆ ತಪ್ಪಾಗುತ್ತದೆ. ಹಿಂದಿಯಲ್ಲಿ ಖಾಸಗಿ ಶಾಲೆಗೆ ಹೋದವರೇ ಮುಂದೆ ಬಂದರು. ತೆಲುಗು, ಗಣಿತಕ್ಕೆ ಖಾಸಗಿಯವರು ಕೊಟ್ಟ ಸಮಯ ಕಡಿಮೆ, ಮಾಡಿದ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೆಚ್ಚಿನ ಉಳಿತಾಯ ಅಲ್ಲಿನ ಮೇಷ್ಟ್ರುಗಳ ಸಂಬಳದಲ್ಲೇ, ಅದು ಬೇರೆ ಮಾತು. ಅವು ಹಳ್ಳಿಯ ಸಣ್ಣ ಖಾಸಗಿ ಶಾಲೆಗಳು. ನಗರದ ದೊಡ್ಡ ಶಾಲೆಗಳಿಗೂ ಹೈಸ್ಕೂಲಿಗೂ ಇದೇ ಲೆಕ್ಕ ಹೊಂದುತ್ತದೆ ಅಂತ ನಾನು ಹೇಳಲಾರೆ.

ನಮ್ಮ ಕಡೆ ಎಲ್ಲ ಸರಿ ಇದೆ ಅಂತಲೂ ಅಲ್ಲ. ಐದು ತರಗತಿಗೆ ಇಬ್ಬರು ಮೇಷ್ಟ್ರು, ಅದರಲ್ಲೊಬ್ಬರು ಚುನಾವಣೆ ಕೆಲಸಕ್ಕೆ. ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಬೋರ್ಡಿನ ಮೇಲಿದ್ದದ್ದನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಓದಮ್ಮಾ ಅಂದರೆ ತಲೆ ತಗ್ಗಿಸುತ್ತಿದ್ದಳು. ಅವಳ ನೋಟ್‌ಬುಕ್ಕಿಗೆ ನಾನೇ ‘ಗುಡ್’ ಅಂತ ಎಷ್ಟು ಸಲ ಬರೆದಿದ್ದೆನೋ. ಅದೇ ವಾರ ಖಾಸಗಿ ಶಾಲೆಗೆ ಹೋಗುವ ನಮ್ಮ ಪಕ್ಕದ ಮನೆ ಹುಡುಗ ಇಂಗ್ಲಿಷ್ ಪಾಠ ಗಡಗಡ ಓದಿ ತೋರಿಸಿದ. ನಡುವಿನ ಸಾಲಿಗೆ ಬೆರಳಿಟ್ಟು ‘ಇಲ್ಲಿಂದ ಓದು’ ಅಂದೆ. ಒಂದು ಕ್ಷಣ ನಿಂತ. ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ, 2024ರಲ್ಲಿ, ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಲು ಬಂದದ್ದು ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ. ಖಾಸಗಿಯವರೂ ಸೇರಿದ ಲೆಕ್ಕ ಅದು.

ಹಾಗಾಗಿ ಶಾಲೆ ನೋಡಲು ಹೋದಾಗ ಎರಡು ಕೆಲಸ ಮಾಡಿ. ಎರಡನೇ ಕ್ಲಾಸಿನ ಯಾವುದಾದರೂ ಮಗುವಿಗೆ ಅದು ನೋಡಿರದ ಒಂದು ಕಥೆ ಪುಸ್ತಕ ಕೊಟ್ಟು ಓದಿಸಲು ಅನುಮತಿ ಕೇಳಿ. ಆಮೇಲೆ, ಈ ಸಲ ಹತ್ತನೇ ಕ್ಲಾಸ್ ಬರೆದವರು ಎಂಟರಲ್ಲಿದ್ದಾಗ ಎಷ್ಟು ಜನ ಇದ್ದರು ಅಂತ ಕೇಳಿ. ಊರು ಬಿಟ್ಟು ಹೋದವರೂ ಇರುತ್ತಾರೆ, ಆದ್ದರಿಂದ ಒಂದಿಬ್ಬರು ಕಡಿಮೆಯಾದರೆ ಅನುಮಾನ ಬೇಡ.

ಹೋದ ವರ್ಷ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬಳು ಇದನ್ನೆಲ್ಲ ಕೇಳಿಸಿಕೊಂಡು ಹೋದಳು. ಕೊನೆಗೆ ಮಗಳನ್ನು ಖಾಸಗಿ ಶಾಲೆಗೇ ಹಾಕಿದಳು. ‘ವ್ಯಾನು ಮನೆ ಮುಂದೇನೇ ಬರುತ್ತೆ ಸಾರ್, ನನ್ನ ಶಿಫ್ಟು ಆರಕ್ಕೆ ಮುಗಿಯೋದು’ ಅಂದಳು. ಒಳ್ಳೆಯ ಕಾರಣ, ನಾನು ಒಂದು ಮಾತೂ ಆಡಲಿಲ್ಲ. ಎಂಟನೇ ಕ್ಲಾಸಿನ ಲೆಕ್ಕ ಕೇಳಿದೆಯಾ ಅಂದೆ. ‘ಕೇಳ್ದೆ ಸಾರ್. ಆ ಕ್ಲರ್ಕು ನನ್ನ ಮೇಲಿಂದ ಕೆಳಗೆ ನೋಡಿ, ಮೇಡಂ ನೀವು ಯಾವ ಪೇಪರ್‌ನೋರು ಅಂದ್ರು.’