ಪಕ್ ಬರುವ ಮುಂಚಿನ ಎರಡು ಸೆಕೆಂಡ್

‘60 ಮ್ಯಾಚಿಗೆ 80 ಪಾಯಿಂಟ್ ಸರ್. ಇನ್ನೇನು ಬೇಕು?’ ರಿಂಕಿನ ಮೆಟ್ಟಿಲ ಮೇಲೆ ತಂದೆಯೊಬ್ಬರು ಮೊಬೈಲ್ ತೋರಿಸಿ ಕೇಳಿದರು. ಜೂನಿಯರ್ ಐಸ್ ಹಾಕಿಯ ಫಾರ್ವರ್ಡ್‌ಗಳನ್ನು, ಅಂದರೆ ದಾಳಿಯ ಆಟಗಾರರನ್ನು, ನೋಡಿ ವರದಿ ಬರೆಯುವ ನನಗೆ ಪ್ರತಿ ಸೀಸನ್ನಿನಲ್ಲೂ ಇದೇ ಪ್ರಶ್ನೆ. ಬೆಳಗಿನ ಜಾವ ಎದ್ದು ವರ್ಷಗಟ್ಟಲೆ ಮಗನನ್ನು ಅಭ್ಯಾಸಕ್ಕೆ ಕರೆತಂದವರ ಮೇಲೆ ಸಿಟ್ಟು ಬರುವುದಿಲ್ಲ. ಆದರೆ ಆ ಒಂದು ಅಂಕಿ ನೋಡಿ ಮಗನ ಭವಿಷ್ಯ ನಿರ್ಧರಿಸುವುದನ್ನು ಕಂಡರೆ ಸಂಕಟವಾಗುತ್ತದೆ.

ಗೋಲಿಗೂ, ಗೋಲಿಗೆ ದಾರಿ ಮಾಡಿದ ಪಾಸಿಗೂ, ಅಂದರೆ ಅಸಿಸ್ಟ್‌ಗೂ, ಒಂದೊಂದು ಪಾಯಿಂಟ್. ಆ 80ರಲ್ಲಿ ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯ ಆಟಗಾರ ಪೆನಾಲ್ಟಿ ಬಾಕ್ಸಿನಲ್ಲಿ ಕೂತಿದ್ದಾಗ, ಬಂದವೆಷ್ಟು? ಐದಕ್ಕೆ ಐದು ಜನ ಇದ್ದಾಗ ಬಂದವೆಷ್ಟು? ಒಂದು ಗೋಲಿಗೆ ಇಬ್ಬರಿಗೆ ಅಸಿಸ್ಟ್ ಸಿಗಬಹುದು. ಮೂವರನ್ನು ಸೀಳಿ ಪಾಸ್ ಕೊಟ್ಟವನಿಗೂ ಒಂದು ಪಾಯಿಂಟ್, ಅದಕ್ಕೂ ಮೊದಲು ಸುಮ್ಮನೆ ಪಕ್ (ಆಟದ ರಬ್ಬರ್ ಬಿಲ್ಲೆ) ದಾಟಿಸಿದವನಿಗೂ ಒಂದೇ ಪಾಯಿಂಟ್. ಜೊತೆಗೆ ನಡುವಿನಲ್ಲಿ ಆಡಿದ ಸೆಂಟರ್ 20 ವರ್ಷದ ಪಳಗಿದ ಹುಡುಗನೇ? ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಪ್ರಕ್ರಿಯೆಗೆ, ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಬೇಕು. ಹಾಗಾಗಿ ಮೊದಲ ಸಲ ಅರ್ಹರಾದ ಹುಡುಗರಲ್ಲೇ ಒಬ್ಬ ಇನ್ನೊಬ್ಬನಿಗಿಂತ ಸುಮಾರು ಒಂದು ವರ್ಷ ದೊಡ್ಡವನಿರಬಹುದು. ಆ ಪ್ರಾಯದಲ್ಲಿ ಒಂದು ವರ್ಷವೆಂದರೆ ಭುಜ, ತೊಡೆ, ಧೈರ್ಯ ಎಲ್ಲವೂ ಬೇರೆ.

1992–93ರಲ್ಲಿ ಕೆನಡಾದ ಕ್ವಿಬೆಕ್ ಜೂನಿಯರ್ ಲೀಗಿನಲ್ಲಿ ಅಲೆಕ್ಸಾಂಡರ್ ಡೇಗ್ಲ್ 53 ಮ್ಯಾಚಿನಲ್ಲಿ 137 ಪಾಯಿಂಟ್ ಗಳಿಸಿದ್ದ. 1993ರ ಡ್ರಾಫ್ಟಿನಲ್ಲಿ ಒಟ್ಟಾವ ತಂಡ ಅವನನ್ನು ಮೊದಲನೆಯವನಾಗಿ ಆರಿಸಿತು. ಎನ್‌ಎಚ್‌ಎಲ್‌ನಲ್ಲಿ ಅವನು ಆಡಿದ್ದು 616 ಮ್ಯಾಚ್, ಗಳಿಸಿದ್ದು 327 ಪಾಯಿಂಟ್. ಅವನಿಗೆ ಪ್ರತಿಭೆ ಇರಲಿಲ್ಲ ಎಂದಲ್ಲ. ಜೂನಿಯರ್ ಅಂಕಿ ಹುಟ್ಟಿಸಿದ ನಿರೀಕ್ಷೆಯ ಭಾರವೇ ಹೆಚ್ಚಾಗಿತ್ತು. 2014ರಲ್ಲಿ 79ನೆಯವನಾಗಿ ಆಯ್ಕೆಯಾದ ಪುಟ್ಟ ಮೈಕಟ್ಟಿನ ಬ್ರೇಡನ್ ಪಾಯಿಂಟ್ ಎಂಬ ಆಟಗಾರ 2022–23ರಲ್ಲಿ ಎನ್‌ಎಚ್‌ಎಲ್‌ನಲ್ಲಿ 51 ಗೋಲು ಹೊಡೆದ. ನಾವೂ ತಪ್ಪುತ್ತೇವೆ, ಅದಕ್ಕೇ ವರದಿಯಲ್ಲಿ ‘ಸಾಧ್ಯತೆ ಇದೆ’ ಎನ್ನುವುದರಾಚೆ ನಾನು ಹೋಗುವುದು ಕಡಿಮೆ.

ಹಾಗಾದರೆ ನಾನು ನೋಡುವುದೇನು? ಒಂದು ಸಂಜೆ ಗಾಜಿಗೆ ಅಂಟಿಕೊಂಡೇ ನಿಂತಿದ್ದೆ. ರಿಂಕಿನ ಸುತ್ತಲ ಗೋಡೆ, ಅಂದರೆ ಬೋರ್ಡ್ಸ್ ಗುಂಟ ಪಕ್ ಅಂಚಿನಲ್ಲಿ ಆಡುವ ಒಬ್ಬ ವಿಂಗರ್‌ನತ್ತ ಬರುತ್ತಿತ್ತು. ಅದು ತಲುಪುವ ಮೊದಲೇ ಹುಡುಗ ಎರಡು ಸಲ ಭುಜದ ಮೇಲಿಂದ ಹಿಂದೆ ನೋಡಿದ. ಡಿಫೆನ್ಸ್‌ಮನ್ ಮೈಮೇಲೆ ಬೀಳುವಷ್ಟರಲ್ಲಿ ಪಕ್ ನಡುವಿನ ಸೆಂಟರ್‌ನ ಕೋಲಿಗೆ ಸೇರಿತ್ತು. ಆ ರಾತ್ರಿ ಅವನಿಗೆ ಒಂದು ಪಾಯಿಂಟೂ ಬರಲಿಲ್ಲ, ನನ್ನ ಪುಸ್ತಕದಲ್ಲಿ ಮಾತ್ರ ಅವನ ಬಗ್ಗೆಯೇ ಅರ್ಧ ಪುಟ. ಜೂನಿಯರ್‌ನಲ್ಲಿ ಪಕ್ ಹಿಡಿದು ಯೋಚಿಸಲು ಸಮಯ ಸಿಗುತ್ತದೆ. ಮೇಲೆ ಸಿಗುವುದಿಲ್ಲ. ಪಕ್ ಬರುವ ಮೊದಲೇ ಯೋಚಿಸಿ ಮುಗಿಸಿದವನ ಆಟ ಮೇಲಿನ ಹಂತದಲ್ಲೂ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಆ ತಂದೆಗೆ ಒಂದೇ ಮಾತು ಹೇಳಿದೆ: ಮುಂದಿನ ಮ್ಯಾಚಿನಲ್ಲಿ ಪಕ್ ನೋಡಬೇಡಿ, ಮಗನ ತಲೆ ನೋಡಿ. ಮೂರು ವಾರಕ್ಕೆ ಫೋನ್ ಬಂತು. ಈ ಸಲ ಪಾಯಿಂಟಿನ ಸುದ್ದಿಯೇ ಇಲ್ಲ. ‘ಅವನು ಹಿಂದೆ ತಿರುಗೋದೇ ಇಲ್ಲ ಸರ್. ಕಲಿಸಬಹುದಾ?’

ಹದಿನೇಳರ ಪ್ರಾಯದಲ್ಲಿ ಇದು ಕಲಿಯಬಹುದಾದ ವಿದ್ಯೆಯೇ. ಈಗ ಕೋಚ್ ಅವನಿಗೆ ದಿನಾ ಅದನ್ನೇ ಮಾಡಿಸುತ್ತಿದ್ದಾರೆ. ನನ್ನ ವರದಿ ಇನ್ನೂ ಮುಗಿದಿಲ್ಲ.