ದೊಡ್ಡ ತಂಡ ಊರು ಬಿಟ್ಟರೆ ಕಿರಿಯ ತಂಡದ ಗತಿ ಏನು?

ಓದುಗರ ಪ್ರಶ್ನೆ: ಅಮೆರಿಕ-ಕೆನಡಾದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನ ಐಸ್ ಹಾಕಿ ತಂಡ ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ ಅದರ ಮೈನರ್ ಲೀಗ್ ತಂಡವೂ ಜೊತೆಗೆ ಹೋಗುತ್ತಾ? ಅರಿಜೋನಾ ತಂಡ ಯೂಟಾಗೆ ಬಂತು. ಆದರೆ ಅದರ ಕಿರಿಯ ತಂಡದ ಹುಡುಗರು ಇನ್ನೂ ಅರಿಜೋನಾದ ಟೂಸಾನ್‌ನಲ್ಲೇ ಆಡ್ತಿದ್ದರಲ್ಲ, ಯಾಕೆ?

ಉತ್ತರ: ತಾನಾಗಿಯೇ ಹೋಗುವುದಿಲ್ಲ. ಅಪ್ಪನಿಗೆ ವರ್ಗ ಆಯ್ತು ಅಂತ ಹಾಸ್ಟೆಲ್‌ನಲ್ಲಿ ಓದುವ ಮಗ ಕಾಲೇಜು ಬಿಡಬೇಕಾಗಿಲ್ಲವಲ್ಲ, ಇದೂ ಹಾಗೆಯೇ. ಎರಡೂ ತಂಡಗಳ ನಡುವೆ ಇರುವುದು ಒಂದು ಕರಾರು. ಆ ಕರಾರು ಮುಂದುವರಿಯಬಹುದು, ಮುರಿಯಬಹುದು, ಬೇರೆ ತಂಡದ ಪಾಲಾಗಬಹುದು. ಎಷ್ಟೋ ಸಲ ನಿಜವಾದ ಏಟು ಬೀಳುವುದು ಈ ವ್ಯವಹಾರದಲ್ಲಿ ಇಲ್ಲದೇ ಇದ್ದ ಮೂರನೆಯ ಊರಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಯಾಕೆಂದರೆ ದೊಡ್ಡ ಸುದ್ದಿಯಲ್ಲಿ ಆ ಊರುಗಳ ಹೆಸರೇ ಬರುವುದಿಲ್ಲ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಮೇಲೆ ಎನ್‌ಎಚ್‌ಎಲ್, ಅದರಲ್ಲಿ 32 ತಂಡಗಳು. ಅದರ ಕೆಳಗೆ ಎಎಚ್‌ಎಲ್, ಅಲ್ಲೂ 32 ತಂಡಗಳು, ಒಂದಕ್ಕೊಂದು ಜೋಡಿ. ಇನ್ನೂ ಒಂದು ಮೆಟ್ಟಿಲು ಕೆಳಗೆ ಇಸಿಎಚ್‌ಎಲ್. ಮೇಲಿನ ತಂಡ ಸಹಿ ಹಾಕಿಸಿಕೊಂಡ ಹುಡುಗ ಇನ್ನೂ ಮಾಗಿಲ್ಲ ಅನ್ನಿಸಿದರೆ ಎಎಚ್‌ಎಲ್‌ಗೆ ಕಳಿಸುತ್ತಾರೆ. ಅವನ ಕರಾರು ಇರುವುದು ಮೇಲಿನ ತಂಡದ ಜೊತೆಗೇ, ಸಂಬಳ ಕೊಡುವುದೂ ಅವರೇ. ಮೇಲೆ ಯಾರಿಗಾದರೂ ಪೆಟ್ಟಾದರೆ ಕೆಳಗಿನಿಂದ ಒಬ್ಬನನ್ನು ಅದೇ ದಿನ ವಿಮಾನ ಹತ್ತಿಸುತ್ತಾರೆ.

ಆದರೆ ಎಎಚ್‌ಎಲ್ ತಂಡದ ಮಾಲೀಕರು ಯಾರು ಅನ್ನುವುದು ಬೇರೆಯೇ ಪ್ರಶ್ನೆ. ಅರ್ಧಕ್ಕಿಂತ ಜಾಸ್ತಿ ತಂಡಗಳನ್ನು ಈಗ ಎನ್‌ಎಚ್‌ಎಲ್ ಮಾಲೀಕರೇ ಇಟ್ಟುಕೊಂಡಿದ್ದಾರೆ. ಉಳಿದವಕ್ಕೆ ಸ್ವಂತ ಮಾಲೀಕರಿದ್ದಾರೆ. ಷಿಕಾಗೋ ವುಲ್ವ್ಸ್ ಅಂಥ ಒಂದು ತಂಡ. ಗೆಲುವೇ ಮುಖ್ಯ ಅನ್ನುವ ಮನೆತನ ಅದು. 2023-24ರಲ್ಲಿ ಎನ್‌ಎಚ್‌ಎಲ್ ತಂಡ ಕೆರೊಲಿನಾ ಹರಿಕೇನ್ಸ್ ಜೊತೆಗಿನ ನಂಟು ಬಿಟ್ಟು ಒಂದು ವರ್ಷ ಯಾರ ಹಂಗೂ ಇಲ್ಲದೆ ಆಡಿತು. ಆ ವರ್ಷ ಕೆರೊಲಿನಾಗೆ ತನ್ನದು ಅಂತ ಕಿರಿಯ ತಂಡವೇ ಇರಲಿಲ್ಲ. ತನ್ನ ಹುಡುಗರನ್ನು ಬೇರೆಯವರ ತಂಡಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಅಂತ ಇಡಬೇಕಾಯಿತು. ಮುಂದಿನ ವರ್ಷ ಇಬ್ಬರೂ ಮತ್ತೆ ಒಂದಾದರು.

ಈಗ ನಿಜವಾದ ಸ್ಥಳಾಂತರಕ್ಕೆ ಬರೋಣ. ಇದಕ್ಕೆ 2011ರ ವಿನಿಪೆಗ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೆನಡಾದ ವಿನಿಪೆಗ್ 1996ರಲ್ಲಿ ತನ್ನ ಮೊದಲ ಜೆಟ್ಸ್ ತಂಡವನ್ನು ಕಳೆದುಕೊಂಡಿತ್ತು. ಆ ಎನ್‌ಎಚ್‌ಎಲ್ ತಂಡ ಅರಿಜೋನಾದ ಫೀನಿಕ್ಸ್‌ಗೆ ಹೋಗಿ ಕೊಯೋಟೀಸ್ ಆಯಿತು. ಅದೇ ವರ್ಷ ಮಿನೆಸೋಟಾದಿಂದ ಮೂಸ್ ಅನ್ನುವ ಮೈನರ್ ಲೀಗ್ ತಂಡ ವಿನಿಪೆಗ್‌ಗೆ ಬಂದು ಮ್ಯಾನಿಟೋಬಾ ಮೂಸ್ ಆಯಿತು. ಹದಿನೈದು ವರ್ಷ ಆ ಊರಿನ ಹಾಕಿಯನ್ನು ಜೀವಂತ ಇಟ್ಟಿದ್ದು ಇದೇ ತಂಡ. 2001ರಿಂದ ಅದು ವ್ಯಾಂಕೂವರ್ ಕನಕ್ಸ್ ತಂಡದ ಕಿರಿಯ ತಂಡ. ರಯಾನ್ ಕೆಸ್ಲರ್, ಕೆವಿನ್ ಬಿಎಕ್ಸಾ, ಕೋರಿ ಶ್ನೈಡರ್ ಎಲ್ಲರೂ ಇಲ್ಲೇ ಪಳಗಿದವರು. ಅಲೆಕ್ಸ್ ಬರೋಸ್ ಅಂತೂ ಇಸಿಎಚ್‌ಎಲ್‌ನಲ್ಲಿ ಶುರುಮಾಡಿ, ಮೂಸ್‌ನಲ್ಲಿ ಜಾಗ ಗಿಟ್ಟಿಸಿ, ಆಮೇಲೆ ವ್ಯಾಂಕೂವರ್ ಸೇರಿದವನು. 2011ರ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್‌ನ ಕಪ್) ಫೈನಲ್‌ನ ಎರಡನೆಯ ಪಂದ್ಯದಲ್ಲಿ ಓವರ್‌ಟೈಮ್ ಶುರುವಾಗಿ 11 ಸೆಕೆಂಡಿಗೆ ಗೋಲು ಹೊಡೆದು ಗೆಲ್ಲಿಸಿದ್ದು ಅವನೇ.

ಬರೋಸ್ ಆ ಗೋಲು ಹೊಡೆಯುವ ಹೊತ್ತಿಗೆ ಅವನನ್ನು ಬೆಳೆಸಿದ ತಂಡ ಊರು ಬಿಡುವುದು ಬಹುತೇಕ ಖಚಿತವಾಗಿತ್ತು. ಕೆಲವೇ ದಿನಗಳ ಹಿಂದೆ, ಮೇ 31ರಂದು, ಮೂಸ್ ತಂಡದ ಮಾಲೀಕ ಸಂಸ್ಥೆ ಟ್ರೂ ನಾರ್ತ್ ತಾನು ಎನ್‌ಎಚ್‌ಎಲ್‌ನ ಅಟ್ಲಾಂಟಾ ಥ್ರ್ಯಾಷರ್ಸ್ ತಂಡವನ್ನು ಕೊಂಡು ವಿನಿಪೆಗ್‌ಗೆ ತರುತ್ತಿರುವುದಾಗಿ ಹೇಳಿತು. ಮುಂದೆ ನಿಂತವರು ಮಾರ್ಕ್ ಚಿಪ್‌ಮನ್ ಮತ್ತು ಡೇವಿಡ್ ಥಾಮ್ಸನ್. ಬೆಲೆ 17 ಕೋಟಿ ಡಾಲರ್, ಅದರಲ್ಲಿ 6 ಕೋಟಿ ಲೀಗ್‌ಗೆ ಕಟ್ಟುವ ಸ್ಥಳಾಂತರ ಶುಲ್ಕ. 13,000 ಸೀಸನ್ ಟಿಕೆಟ್ ಮಾರಬೇಕು ಅಂತ ಗುರಿ ಇಟ್ಟರು. ಮೊದಲ ಅವಕಾಶ ಕೊಟ್ಟಿದ್ದು ಮೂಸ್ ತಂಡದ ಸೀಸನ್ ಟಿಕೆಟ್ ಇದ್ದವರಿಗೆ. ನನಗೆ ಇದು ಬಹಳ ಇಷ್ಟವಾದ ವಿಷಯ. ಸಣ್ಣ ಲೀಗ್ ಇದ್ದಾಗ ಬಂದು ಕೂತವರನ್ನು ದೊಡ್ಡ ಲೀಗ್ ಬಂದಾಗ ಮರೆಯಲಿಲ್ಲ. ಜೂನ್ 4ರಂದು ಎಲ್ಲರಿಗೂ ಮಾರಾಟ ತೆರೆದ ಮೇಲೆ 17 ನಿಮಿಷಕ್ಕೆ ಉಳಿದದ್ದೂ ಖಾಲಿ.

ಒಂದೇ ಅರೆನಾ, ಒಬ್ಬನೇ ಮಾಲೀಕ. ಎರಡು ತಂಡಕ್ಕೂ ಅಲ್ಲೇ ಜಾಗ ಮಾಡಬಹುದಿತ್ತು ಅನ್ನಿಸುತ್ತದೆ ಅಲ್ವಾ? ಮುಂದೆ ಮಾಡಿದರು ಕೂಡ, ಆದರೆ ಆ ಹೊತ್ತಿಗೆ ಅಲ್ಲ. 2011ರಲ್ಲಿ ಮೂಸ್ ತಂಡವನ್ನು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್ ಊರಿಗೆ ಕಳಿಸಿದರು. ಅಲ್ಲಿ ಅದರ ಹೆಸರು ಐಸ್‌ಕ್ಯಾಪ್ಸ್. ವಿನಿಪೆಗ್‌ನಿಂದ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಗಡಿಯಾರದಲ್ಲೇ ಎರಡೂವರೆ ಗಂಟೆ ವ್ಯತ್ಯಾಸ. ರಾತ್ರಿ ಪಂದ್ಯಕ್ಕೆ ಬೆಳಿಗ್ಗೆ ಒಬ್ಬ ಆಟಗಾರ ಬೇಕು ಅಂದರೆ ಅವನು ಹೆಚ್ಚು ಕಡಿಮೆ ಅರ್ಧ ಕೆನಡಾ ದಾಟಿ ಬರಬೇಕು.

ಹಾಗಂತ ಮೂಸ್ ಪೂರ್ತಿ ಹೋಗಲಿಲ್ಲ. ಥ್ರ್ಯಾಷರ್ಸ್ ವಿನಿಪೆಗ್‌ಗೆ ಬಂದು ಹೊಸ ಜೆಟ್ಸ್ ಆಯಿತು, ಮೂಸ್ ಕೋಚ್ ಕ್ಲೋಡ್ ನೊಯೆಲ್ ಅದಕ್ಕೆ ಮೊದಲ ಕೋಚ್ ಆದರು. ಹಳೆಯ ಜೆಟ್ಸ್ ಕಾಲದಲ್ಲಿ ಆಟಗಾರರ ಸಾಮಾನು ನೋಡಿಕೊಳ್ಳುತ್ತಿದ್ದ ಕ್ರೇಗ್ ಹೈಸಿಂಗರ್ ಮೂಸ್‌ನ ಜನರಲ್ ಮ್ಯಾನೇಜರ್ ಆಗಿ ಬೆಳೆದಿದ್ದರು. ಅವರು ಹೊಸ ಜೆಟ್ಸ್‌ನ ಆಡಳಿತಕ್ಕೂ ಬಂದರು. ಮೈದಾನದಲ್ಲಿ ಮಕ್ಕಳನ್ನು ನಗಿಸುತ್ತಿದ್ದ ಮಿಕ್ ಇ. ಮೂಸ್ ಅನ್ನುವ ಗೊಂಬೆ ವೇಷ ಕೂಡ ಉಳಿಯಿತು. ಅದಕ್ಕೊಂದು ಹಳೇ ಕಾಲದ ಪೈಲಟ್ ಟೋಪಿ ಹಾಕಿ ಜೆಟ್ಸ್ ಪಾಲು ಮಾಡಿದರು.

ಇನ್ನು ಅಟ್ಲಾಂಟಾ ಕಡೆ ನೋಡಿ. ಥ್ರ್ಯಾಷರ್ಸ್ ತಂಡದ ಎಎಚ್‌ಎಲ್ ಜೋಡಿ ಷಿಕಾಗೋ ವುಲ್ವ್ಸ್, 2001ರಿಂದ. ಆ ಹತ್ತು ವರ್ಷದಲ್ಲಿ ವುಲ್ವ್ಸ್ ಎರಡು ಸಲ, 2002 ಮತ್ತು 2008ರಲ್ಲಿ, ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಿತು. ಮೇಲಿನ ಥ್ರ್ಯಾಷರ್ಸ್ ತನ್ನ ಇಡೀ ಬದುಕಿನಲ್ಲಿ ಪ್ಲೇಆಫ್ ಕಂಡಿದ್ದು 2007ರಲ್ಲಿ ಒಂದೇ ಸಲ, ಅದೂ ಒಂದು ಪಂದ್ಯ ಗೆಲ್ಲದೆ. ತಂಡ ವಿನಿಪೆಗ್‌ಗೆ ಹೋದಾಗ ಟ್ರೂ ನಾರ್ತ್ ಕೈಯಲ್ಲಿ ಸ್ವಂತ ಎಎಚ್‌ಎಲ್ ತಂಡ ಇತ್ತಲ್ಲ, ಷಿಕಾಗೋ ಬೇಕಾಗಲಿಲ್ಲ. ಮೂಸ್ ಕಳೆದುಕೊಂಡ ವ್ಯಾಂಕೂವರ್ ಷಿಕಾಗೋ ಜೊತೆ ಕೈ ಜೋಡಿಸಿತು. ಎರಡೇ ವರ್ಷ. 2013ರಲ್ಲಿ ವ್ಯಾಂಕೂವರ್ ಸೇಂಟ್ ಲೂಯಿಸ್ ಬ್ಲೂಸ್‌ನಿಂದ ಪಿಯೋರಿಯಾ ರಿವರ್‌ಮೆನ್ ತಂಡ ಕೊಂಡು, ನ್ಯೂಯಾರ್ಕ್ ರಾಜ್ಯದ ಯುಟಿಕಾಗೆ ಒಯ್ದಿತು. ಷಿಕಾಗೋ ಬ್ಲೂಸ್ ಪಾಲಾಯಿತು. ಅಟ್ಲಾಂಟಾದಲ್ಲಿ ಜಾರಿದ ಒಂದು ಕಲ್ಲು ಉರುಳುತ್ತಾ ಬಂದು ಎರಡು ವರ್ಷಕ್ಕೆ ಇಲಿನಾಯ್‌ನ ಪಿಯೋರಿಯಾಗೆ ಬಡಿಯಿತು. ಆ ಊರಿಗೆ ಎಎಚ್‌ಎಲ್ ತಂಡವೇ ಇಲ್ಲವಾಯಿತು. ಪಿಯೋರಿಯಾದ ಜನ ಮಾಡಿದ ತಪ್ಪೇನು? ಏನೂ ಇಲ್ಲ.

ಅಟ್ಲಾಂಟಾದ ಅಂಚಿನ ಡುಲೂತ್‌ನಲ್ಲಿದ್ದ ಇಸಿಎಚ್‌ಎಲ್ ತಂಡ ಗ್ಲಾಡಿಯೇಟರ್ಸ್ ಮಾತ್ರ ಕದಲಲಿಲ್ಲ. ಥ್ರ್ಯಾಷರ್ಸ್ ಜೊತೆ ನಂಟಿದ್ದ ಆ ತಂಡ, ಅವರು ಹೋದ ಮೇಲೆ ಬೇರೆ ಎನ್‌ಎಚ್‌ಎಲ್ ತಂಡಗಳ ಜೊತೆ ಕರಾರು ಮಾಡಿಕೊಂಡು ಅಲ್ಲೇ ಆಡುತ್ತಾ ಬಂತು. 2015ರಲ್ಲಿ ಅಟ್ಲಾಂಟಾ ಗ್ಲಾಡಿಯೇಟರ್ಸ್ ಅಂತ ಹೆಸರು ಬದಲಿಸಿಕೊಂಡಿತು.

ಸೇಂಟ್ ಜಾನ್ಸ್ ಕಥೆ ಮಾತ್ರ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಊರು ಮೊದಲೇ ಒಂದು ಸಲ ನೊಂದಿತ್ತು. 1991ರಿಂದ ಅಲ್ಲಿದ್ದ ಟೊರೊಂಟೊದ ಕಿರಿಯ ತಂಡವನ್ನು 2005ರಲ್ಲಿ ಟೊರೊಂಟೊಗೇ ಕರೆಸಿಕೊಂಡಿದ್ದರು. 2011ರಲ್ಲಿ ಐಸ್‌ಕ್ಯಾಪ್ಸ್ ಬರುವಂತೆ ಮಾಡಿದವರಲ್ಲಿ ಮುಖ್ಯರು ಪ್ರಾಂತ್ಯದ ಮಾಜಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡ್ಯಾನಿ ವಿಲಿಯಮ್ಸ್. ಜನ ಪ್ರೀತಿಯಿಂದ ಅರೆನಾ ತುಂಬಿಸಿದರು. 2014ರಲ್ಲಿ ತಂಡ ಕಾಲ್ಡರ್ ಕಪ್ ಫೈನಲ್‌ಗೂ ಹೋಯಿತು. ಮರುವರ್ಷವೇ ಜೆಟ್ಸ್ ಆ ತಂಡವನ್ನು ವಿನಿಪೆಗ್‌ಗೆ ವಾಪಸ್ ಕರೆಸಿ ಮತ್ತೆ ಮ್ಯಾನಿಟೋಬಾ ಮೂಸ್ ಅಂತ ಹೆಸರಿಟ್ಟಿತು. ಸೇಂಟ್ ಜಾನ್ಸ್‌ಗೆ ಹ್ಯಾಮಿಲ್ಟನ್‌ನಲ್ಲಿದ್ದ ಮಾಂಟ್ರಿಯಲ್‌ನ ಕಿರಿಯ ತಂಡ ಬಂತು. ಅದೂ ಎರಡು ವರ್ಷಕ್ಕೆ, ಮಾಂಟ್ರಿಯಲ್ ಪಕ್ಕದ ಲವಾಲ್‌ನಲ್ಲಿ ಹೊಸ ಅರೆನಾ ಸಿದ್ಧವಾಗುವ ತನಕ. 2017ರಲ್ಲಿ ಅದೂ ಹೋಯಿತು. ಆಮೇಲೆ ಬಂದ ಇಸಿಎಚ್‌ಎಲ್ ತಂಡ ಗ್ರೌಲರ್ಸ್ ಮೊದಲ ವರ್ಷವೇ ಕಪ್ ಗೆದ್ದಿತು, 2024ರಲ್ಲಿ ಮುಚ್ಚಿತು. ಆಟ ನೋಡುವವರು ಇರಲಿಲ್ಲ ಅಂತ ಆ ಊರನ್ನು ಯಾರೂ ದೂರುವಂತಿಲ್ಲ. ದೂರ ಇರುವುದೇ ಅದರ ಕಷ್ಟ.

ದೂರದ ಲೆಕ್ಕ ಎಷ್ಟು ಜೋರು ಅನ್ನುವುದು 2015ರಲ್ಲೇ ಇನ್ನೊಂದು ಕಡೆ ಕಾಣಿಸಿತು. ಎಎಚ್‌ಎಲ್ ತಂಡಗಳು ಹೆಚ್ಚಾಗಿ ಪೂರ್ವದಲ್ಲಿದ್ದವು. ಪಶ್ಚಿಮದ ಎನ್‌ಎಚ್‌ಎಲ್ ತಂಡಗಳಿಗೆ ಹುಡುಗರು ಹತ್ತಿರ ಬೇಕಿತ್ತು. ಒಂದೇ ಸಲಕ್ಕೆ ಐದು ತಂಡಗಳನ್ನು ಕ್ಯಾಲಿಫೋರ್ನಿಯಾಗೆ ತಂದರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಮೊನಾರ್ಕ್ಸ್ ಆ ವರ್ಷದ ಕಾಲ್ಡರ್ ಕಪ್ ಗೆದ್ದ ತಂಡ. ಗೆದ್ದ ಬೆನ್ನಿಗೇ ಕ್ಯಾಲಿಫೋರ್ನಿಯಾದ ಆಂಟಾರಿಯೋ ಊರಿಗೆ ಹೊರಟಿತು. ಆಂಟಾರಿಯೋದಲ್ಲಿದ್ದ ಇಸಿಎಚ್‌ಎಲ್ ತಂಡ ಮ್ಯಾಂಚೆಸ್ಟರ್‌ಗೆ ಬಂತು. ಕಪ್ ಗೆದ್ದ ಊರಿಗೆ ಸಿಕ್ಕಿದ್ದು ಒಂದು ಮೆಟ್ಟಿಲು ಕೆಳಗಿನ ಹಾಕಿ.

ಈಗ ನಿಮ್ಮ ಯೂಟಾ ಪ್ರಶ್ನೆ. ಅರಿಜೋನಾದ ಟೆಂಪಿ ಊರಿನಲ್ಲಿ ಹೊಸ ಅರೆನಾ ಬೇಡ ಅಂತ 2023ರ ಮೇ ತಿಂಗಳಲ್ಲಿ ಮತದಾರರು ಹೇಳಿಬಿಟ್ಟ ಮೇಲೆ ಕೊಯೋಟೀಸ್‌ಗೆ ದಾರಿ ಉಳಿಯಲಿಲ್ಲ. ಅವರು ಆಡುತ್ತಿದ್ದದ್ದು ಐದು ಸಾವಿರ ಜನರೂ ಹಿಡಿಯದ ವಿಶ್ವವಿದ್ಯಾಲಯದ ಅರೆನಾದಲ್ಲಿ. 2024ರ ಏಪ್ರಿಲ್ 18ರಂದು ಲೀಗ್ ಒಪ್ಪಿಗೆ ಕೊಟ್ಟಿತು. ಒಟ್ಟು ವ್ಯವಹಾರ 120 ಕೋಟಿ ಡಾಲರ್. ಕಾಗದದ ಮೇಲೆ ಯೂಟಾ ಹೊಸ ತಂಡ. ಯೂಟಾದ ಉದ್ಯಮಿ ರಯಾನ್ ಸ್ಮಿತ್ ಕೊಂಡದ್ದು ಆಟಗಾರರು, ಕೋಚ್‌ಗಳು, ಡ್ರಾಫ್ಟ್ ಹಕ್ಕುಗಳು (ಹೊಸ ಹುಡುಗರನ್ನು ಆರಿಸಿಕೊಳ್ಳುವ ಹಕ್ಕು). ಕೊಯೋಟೀಸ್ ಅನ್ನುವ ಹೆಸರು ಆ ಮಾರಾಟದಲ್ಲಿ ಇರಲಿಲ್ಲ. ಎಎಚ್‌ಎಲ್‌ನ ಕಿರಿಯ ತಂಡ ಟೂಸಾನ್ ರೋಡ್‌ರನ್ನರ್ಸ್ ಕೂಡ ಇರಲಿಲ್ಲ. ಅದು ಹಳೆಯ ಮಾಲೀಕ ಅಲೆಕ್ಸ್ ಮೆರುವೆಲೋ ಬಳಿಯೇ ಉಳಿಯಿತು, ಯೂಟಾ ಅದರ ಜೊತೆ ಕರಾರು ಮಾಡಿಕೊಂಡಿತು. ಹಾಗಾಗಿ ದೊಡ್ಡ ತಂಡ ಹೋದರೂ ಹುಡುಗರು ಅರಿಜೋನಾದಲ್ಲೇ.

ಜಾಶ್ ಡೋನ್ ಅನ್ನುವ ಹುಡುಗನ ಮೇಲೆ ಇದೆಲ್ಲ ಹೇಗೆ ಬಂತು ನೋಡಿ. ಅವನ ಅಪ್ಪ ಶೇನ್ ಡೋನ್ 1996ರಲ್ಲಿ ಜೆಟ್ಸ್ ಜೊತೆ ವಿನಿಪೆಗ್ ಬಿಟ್ಟು ಫೀನಿಕ್ಸ್‌ಗೆ ಬಂದವನು. ಮಗ ಬೆಳೆದದ್ದು ಅರಿಜೋನಾದಲ್ಲಿ. ಟೂಸಾನ್‌ನಲ್ಲಿ ಆಡಿ, 2024ರ ಮಾರ್ಚ್‌ನಲ್ಲಿ ಕೊಯೋಟೀಸ್ ಪರ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದ. ಒಂದು ತಿಂಗಳೊಳಗೆ ತಂಡವೇ ಯೂಟಾಗೆ. ಅವನೂ ಹೋದ. ಆ ನವೆಂಬರ್‌ನಲ್ಲಿ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿದಾಗ ಬಂದು ಇಳಿದದ್ದು ಮತ್ತೆ ಟೂಸಾನ್‌ನಲ್ಲಿ.

ಹುಡುಗರು ಮುಂದೆಯೂ ಟೂಸಾನ್‌ನಲ್ಲೇ ಇರುತ್ತಾರಾ ಅಂತ ತಿಳಿಯಬೇಕಿದ್ದರೆ ಸುಮ್ನೆ ಯೂಟಾ ತಂಡದ ಊರಾದ ಸಾಲ್ಟ್ ಲೇಕ್ ಸಿಟಿಯ ಸುದ್ದಿ ನೋಡಿದರೆ ಸಾಲದು. ರೋಡ್‌ರನ್ನರ್ಸ್ ಮಾಲೀಕರು ಏನಂತಾರೆ, ಟೂಸಾನ್ ಅರೆನಾದ ಬಾಡಿಗೆ ಕರಾರು ಎಲ್ಲಿಯವರೆಗೆ ಇದೆ, ಯೂಟಾ ಜೊತೆಗಿನ ನಂಟನ್ನು ನವೀಕರಿಸಿದರಾ ಅನ್ನುವ ಕಡೆ ಕಣ್ಣಿಡಿ. ತೀರ್ಮಾನ ಆಗುವುದು ಅಲ್ಲಿ.